ದೊಡ್ಡ ಇಂಗ್ಲಿಷ್ ನಿಮಗೆ ಬರುತ್ತೆ, ಈಗ ಚಿಕ್ಕ ಇಂಗ್ಲಿಷ್ ಕಲಿಯಿರಿ

ನಿಮ್ಮ ಪ್ರಶ್ನೆ ಓದಿದೆ. ಇಂಗ್ಲೆಂಡಿಗೆ ಬಂದು ಎರಡು ತಿಂಗಳಾಗಿದೆ, ಐಟಿ ಕೆಲಸ, ಕೋಡ್ ಬಗ್ಗೆ ಮಾತಾಡುವಾಗ ತೊಂದರೆ ಇಲ್ಲ, ಆದರೆ ಮೀಟಿಂಗಿನಲ್ಲಿ ಮ್ಯಾನೇಜರ್ ಹೇಳಿದ್ದರಲ್ಲಿ ಅರ್ಧ ಕೈಗೆ ಸಿಗುವುದಿಲ್ಲ ಅಂತ ಬರೆದಿದ್ದೀರಿ. ಯಾವ ಪುಸ್ತಕ ಓದಲಿ, ದಿನಕ್ಕೆ ಎಷ್ಟು ಪದ ಬಾಯಿಪಾಠ ಮಾಡಲಿ ಅಂತ ಕೇಳಿದ್ದೀರಿ. ಕಾಂಟ್ರಾಕ್ಟ್ ಮತ್ತು ಪೇಸ್ಲಿಪ್‌ನಲ್ಲಿರುವ ಪದಗಳು ಗೊಂದಲ ಮಾಡುತ್ತಿವೆ, ಹೆಂಡತಿಗೆ ಇಂಗ್ಲಿಷ್ ಕಲಿಯಲು ದಾರಿ ಏನು ಅನ್ನುವುದೂ ಇದೆ. ಒಂದೊಂದಾಗಿ ಹೇಳುತ್ತೇನೆ.

ಮೊದಲು ಆ ಬಾಯಿಪಾಠದ ಯೋಚನೆ ಬಿಡಿ. ನಿಮಗೆ ಪದಗಳ ಕೊರತೆ ಇಲ್ಲ. ನಮ್ಮಲ್ಲಿ ಇಂಜಿನಿಯರಿಂಗ್ ಓದಿ ಬಂದವರಿಗೆ ದೊಡ್ಡ ಪದಗಳು ಬೇಕಾದಷ್ಟು ಗೊತ್ತಿರುತ್ತವೆ. 'ಇಂಪ್ಲಿಮೆಂಟೇಷನ್', 'ಡಿಪೆಂಡೆನ್ಸಿ', 'ಎಸ್ಕಲೇಷನ್', ಎಲ್ಲ ನಾಲಿಗೆ ತುದಿಯಲ್ಲೇ ಇವೆ. ಗೊತ್ತಿಲ್ಲದಿರುವುದು ಚಿಕ್ಕ ಪದಗಳು. ಆಫ್, ಅಪ್, ಔಟ್, ಡೌನ್, ಬಿಟ್, ಕ್ವೈಟ್. ಇವು ಶಾಲೆಯ ಮೊದಲ ಪುಸ್ತಕದಲ್ಲೇ ಬಂದುಹೋದವು, ಹಾಗಾಗಿ ಕಲಿತಾಯ್ತು ಅಂದುಕೊಂಡು ಮುಂದೆ ಹೋದೆವು. ಇಲ್ಲಿನ ದಿನನಿತ್ಯದ ಮಾತು ನಿಂತಿರುವುದೇ ಇವುಗಳ ಮೇಲೆ.

ಬೆಳಗಿನ ಸ್ಟ್ಯಾಂಡ್-ಅಪ್‌ನಲ್ಲಿ (ಟೀಮಿನವರೆಲ್ಲ ಸೇರುವ ದಿನದ ಸಣ್ಣ ಮೀಟಿಂಗ್) ಯಾರಾದರೂ ಹೇಳಬಹುದಾದ ಮಾತು ನೋಡಿ: 'ವಿ ಆರ್ ನಿಯರ್ಲಿ ದೇರ್, ಜಸ್ಟ್ ನೀಡ್ ಟು ಐರನ್ ಔಟ್ ಎ ಕಪಲ್ ಆಫ್ ಸ್ನ್ಯಾಗ್ಸ್. ಡೇವ್ಸ್ ಆಫ್ ಟುಡೇ, ಸೋ ಕುಡ್ ಯು ಚೇಸ್ ಅಪ್ ದ ಸಪ್ಲೈಯರ್, ಅಂಡ್ ಗಿವ್ ಮಿ ಎ ಶೌಟ್ ಇಫ್ ದೇ ಫಾಬ್ ಯು ಆಫ್?' ಇದರಲ್ಲಿ ಒಂದೂ ತಾಂತ್ರಿಕ ಪದ ಇಲ್ಲ. ಆದರೂ ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ. ಹೇಳುತ್ತಿರುವುದು ಇಷ್ಟೇ: ಕೆಲಸ ಬಹುಪಾಲು ಮುಗಿದಿದೆ, ಒಂದೆರಡು ಸಣ್ಣ ತೊಡಕು ಸರಿಮಾಡಬೇಕು. ಡೇವ್ ಇವತ್ತು ರಜೆ. ಸಪ್ಲೈಯರ್ ಹಿಂದೆ ಬಿದ್ದು ಉತ್ತರ ತೆಗೆದುಕೊಳ್ಳಿ, ಏನೋ ಒಂದು ನೆಪ ಹೇಳಿ ಸಾಗಹಾಕಿದರೆ ನನಗೆ ತಿಳಿಸಿ. ಇದನ್ನೇ ನಾವಾದರೆ 'ಪ್ಲೀಸ್ ಫಾಲೋ ಅಪ್ ವಿತ್ ದ ವೆಂಡರ್ ಅಂಡ್ ಎಸ್ಕಲೇಟ್ ಇನ್ ಕೇಸ್ ಆಫ್ ನೋ ರೆಸ್ಪಾನ್ಸ್' ಅಂತ ಹೇಳುತ್ತೇವೆ. ಅದೂ ಸರಿಯಾದ ಇಂಗ್ಲಿಷೇ. ಆದರೆ ಅದು ಕಾಗದದ ಇಂಗ್ಲಿಷ್, ಬಾಯಿಯದಲ್ಲ.

ಇದು ವಿಚಿತ್ರ ಅನ್ನಿಸಿದರೆ ಕನ್ನಡದ 'ಕೈ' ನೆನಪು ಮಾಡಿಕೊಳ್ಳಿ. ಕೈಹಿಡಿದ, ಕೈಬಿಟ್ಟ, ಕೈಕೊಟ್ಟ, ಕೈಹಾಕಿದ, ಕೈ ಎತ್ತಿಬಿಟ್ಟ. ಕನ್ನಡ ಕಲಿಯುತ್ತಿರುವವರಿಗೆ 'ಕೈ' ಗೊತ್ತು, 'ಕೊಡು' ಗೊತ್ತು. ಆದರೆ 'ಕೈಕೊಟ್ಟ' ಅಂದರೆ ಮೋಸ ಮಾಡಿದ ಅಂತ ಯಾವ ಲೆಕ್ಕದಲ್ಲಿ ಹೊಳೆಯಬೇಕು? ನಮಗೆ ಇದನ್ನು ಯಾರೂ ಪಾಠ ಮಾಡಲಿಲ್ಲ. ಕೇಳಿ ಕೇಳಿ ಬಂತು. ಇಂಗ್ಲಿಷಿನ 'ಪುಟ್ ಆಫ್' (ಮುಂದೂಡು), 'ಪುಟ್ ಅಪ್ ವಿತ್' (ಸಹಿಸಿಕೊಳ್ಳು), 'ಪುಟ್ ಥ್ರೂ' (ಫೋನಿನಲ್ಲಿ ಇನ್ನೊಬ್ಬರಿಗೆ ಸೇರಿಸು) ಕೂಡ ಹೀಗೇ. ಬಿಡಿಸಿ ಅರ್ಥ ಮಾಡಿಕೊಳ್ಳಲು ಹೋಗಬೇಡಿ. ಇಡೀ ತುಂಡನ್ನು ಒಂದು ಪದ ಅಂತಲೇ ತೆಗೆದುಕೊಳ್ಳಿ.

'ಆಫ್' ಒಂದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಇದರಲ್ಲಿ ಗೊಂದಲ ಜಾಸ್ತಿ. 'ಶೀ ಈಸ್ ಆಫ್' ಅಂದರೆ ಅವರು ಇವತ್ತು ಕೆಲಸಕ್ಕೆ ಬಂದಿಲ್ಲ. 'ಐ ಆಮ್ ಆಫ್' ಅಂತ ಚೀಲ ಹೆಗಲಿಗೇರಿಸಿಕೊಂಡು ಹೇಳಿದರೆ ನಾನು ಹೊರಟೆ ಅಂತ. 'ವಿ ನಾಕ್ ಆಫ್ ಅಟ್ ಫೈವ್' ಅಂದರೆ ಐದಕ್ಕೆ ಕೆಲಸ ಬಿಡುತ್ತೇವೆ. 'ಕಿಕ್ ಆಫ್' ಅಂದರೆ ಶುರು ಮಾಡುವುದು, ಆದರೆ 'ಇಟ್ಸ್ ಕಿಕಿಂಗ್ ಆಫ್' ಅಂದರೆ ಜಗಳ ಶುರುವಾಗಿದೆ ಅಂತ. 'ಸೈನ್ ಆಫ್' ಇನ್ನೂ ಮುಖ್ಯ. 'ದ ರಿಲೀಸ್ ಹ್ಯಾಸ್ ಬೀನ್ ಸೈನ್ಡ್ ಆಫ್' ಅಂದರೆ ರಿಲೀಸ್‌ಗೆ ಒಪ್ಪಿಗೆ ಸಿಕ್ಕಿದೆ. 'ಸಾರಾ ಹ್ಯಾಸ್ ಬೀನ್ ಸೈನ್ಡ್ ಆಫ್' ಅಂದರೆ ಸಾರಾಗೆ ಹುಷಾರಿಲ್ಲ, ಡಾಕ್ಟರ್ ಕೆಲಸಕ್ಕೆ ಹೋಗಬೇಡಿ ಅಂತ ಬರೆದುಕೊಟ್ಟಿದ್ದಾರೆ. ಎರಡೂ ಒಂದೇ ಮೀಟಿಂಗಿನಲ್ಲಿ ಬರಬಹುದು. ಎರಡನೆಯದನ್ನು ಕೇಳಿ ನೀವು 'ಗ್ರೇಟ್' ಅಂದುಬಿಟ್ಟರೆ ಚೆನ್ನಾಗಿರಲ್ಲ, ಅಲ್ವಾ?

'ಅಪ್' ಮತ್ತು 'ಡೌನ್' ಇದಕ್ಕಿಂತ ಸುಲಭ. ಒಂದು ಜೋಡಿಯನ್ನು ಮಾತ್ರ ಬೇರೆಯಾಗಿ ನೆನಪಿಡಿ. 'ಇಟ್ಸ್ ಅಪ್ ಟು ಯು' ಅಂದರೆ ನಿಮ್ಮ ಇಷ್ಟ. 'ಇಟ್ಸ್ ಡೌನ್ ಟು ಯು' ಅಂದರೆ ಅದು ನಿಮ್ಮ ಜವಾಬ್ದಾರಿ, ಅಥವಾ ಹಾಗೆ ಆಗಿದ್ದು ನಿಮ್ಮಿಂದ. ಮೊದಲನೆಯದರಲ್ಲಿ ಆಯ್ಕೆ ಇದೆ, ಎರಡನೆಯದರಲ್ಲಿ ಇಲ್ಲ.

ಕಂಪ್ಯೂಟರ್, ಪ್ರಿಂಟರ್, ಸರ್ವರ್ ಕೆಟ್ಟಾಗ ಇಲ್ಲಿನ ಜನ ಆಡುವ ಮಾತು ನಮ್ಮ ಟಿಕೆಟ್ (ಐಟಿ ದೂರಿನ ದಾಖಲೆ) ಭಾಷೆಗಿಂತ ಬೇರೆ. ಪ್ರಿಂಟರ್ 'ಪ್ಲೇಯಿಂಗ್ ಅಪ್' ಅಂದರೆ ಹಟ ಮಾಡುತ್ತಿದೆ, ಒಮ್ಮೆ ನಡೆಯುತ್ತೆ ಒಮ್ಮೆ ಇಲ್ಲ. 'ಆನ್ ದ ಬ್ಲಿಂಕ್' ಅಂದರೂ ಹೆಚ್ಚುಕಡಿಮೆ ಅದೇ. ಲ್ಯಾಪ್‌ಟಾಪ್ 'ಪ್ಯಾಕ್ಡ್ ಅಪ್' ಅಂದರೆ ನಿಂತೇಹೋಯಿತು. ಸರ್ವರ್ 'ಫಾಲನ್ ಓವರ್' ಅಂದರೆ ಕ್ರ್ಯಾಶ್ ಆಗಿದೆ. ಅವಸರದಲ್ಲಿ ಹೇಗೋ ತೇಪೆ ಹಾಕಿದ ಕೆಲಸ 'ಬಾಜ್'. ಸುಮ್ನೆ ತಲೆನೋವು ಕೊಡುವ, ಸಮಯ ತಿನ್ನುವ ಕೆಲಸ 'ಫ್ಯಾಫ್'. ಈ 'ಫ್ಯಾಫ್' ಅನ್ನು ನೀವು ಇಲ್ಲಿ ದಿನಕ್ಕೊಂದು ಸಲ ಕೇಳುತ್ತೀರಿ, ಆಮೇಲೆ ನೀವೇ ಹೇಳಲು ಶುರು ಮಾಡುತ್ತೀರಿ.

ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡುವಾಗ ಒಂದೇ ಒಂದು ವಾಕ್ಯ ಕಲಿತರೂ ಸಾಕು: 'ಇಟ್ ವೋಂಟ್ ಲೆಟ್ ಮಿ'. 'ಇಟ್ ವೋಂಟ್ ಲೆಟ್ ಮಿ ಲಾಗ್ ಇನ್', 'ಇಟ್ ವೋಂಟ್ ಲೆಟ್ ಮಿ ಸೇವ್'. ನಾವು 'ಐ ಆಮ್ ನಾಟ್ ಏಬಲ್ ಟು ಲಾಗಿನ್' ಅನ್ನುತ್ತೇವೆ. ತಪ್ಪೇನಿಲ್ಲ. ಆದರೆ ಇಲ್ಲಿನವರಿಗೆ ಸಹಜ ಅನ್ನಿಸುವುದು ಮೊದಲನೆಯದು. ಜೊತೆಗೆ 'ಇಟ್ ಕೀಪ್ಸ್ ಆಸ್ಕಿಂಗ್ ಮಿ ಫಾರ್ ದ ಪಾಸ್‌ವರ್ಡ್' ಅನ್ನುವ 'ಕೀಪ್ಸ್' ಸೇರಿಸಿಕೊಳ್ಳಿ. ಮತ್ತೆ ಮತ್ತೆ ಆಗುತ್ತಿದೆ ಅನ್ನುವುದನ್ನು ಅದೊಂದೇ ಪದ ಹೇಳಿಬಿಡುತ್ತೆ.

ನಿಮ್ಮ ಹೆಸರು, ಪೋಸ್ಟ್‌ಕೋಡ್ ಫೋನಿನಲ್ಲಿ ಹೇಳುವಾಗ 'ಎ ಫಾರ್ ಆ್ಯಪಲ್' ಬಿಟ್ಟು ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ ಕಲಿಯಿರಿ. ವಿಮಾನದವರು, ಪೊಲೀಸರು ಬಳಸುವ ಅಕ್ಷರಮಾಲೆ ಅದು. ಕಾಲ್ ಸೆಂಟರಿನವರಿಗೂ ಅದೇ ಅಭ್ಯಾಸ. ನಮ್ಮ ಹೆಸರುಗಳು ಇಲ್ಲಿನವರ ಕಿವಿಗೆ ಹೊಸದು. ಅಕ್ಷರ ಬಿಡಿಸಿ ಹೇಳುವುದು ಬಂದರೆ ಫೋನಿನ ಹೆದರಿಕೆ ಅರ್ಧ ಹೋಗುತ್ತೆ. 13 ಮತ್ತು 30 ಕೂಡ ಫೋನಿನಲ್ಲಿ ಒಂದೇ ಥರ ಕೇಳಿಸುತ್ತೆ. 'ವನ್ ತ್ರೀ' ಅಂತ ಅಂಕಿ ಬಿಡಿಸಿ ಹೇಳಿ.

ಯಂತ್ರದ ಮಾತು ಮನುಷ್ಯರಿಗೂ ಅಂಟಿಕೊಂಡಿದೆ. 'ಐ ಹ್ಯಾವಂಟ್ ಗಾಟ್ ದ ಬ್ಯಾಂಡ್‌ವಿಡ್ತ್' ಅಂದರೆ ನನಗೆ ಪುರುಸೊತ್ತಿಲ್ಲ. 'ಲೆಟ್ಸ್ ಟೇಕ್ ದಿಸ್ ಆಫ್‌ಲೈನ್' ಅಂದರೆ ಈ ವಿಷಯ ಎಲ್ಲರ ಮುಂದೆ ಬೇಡ, ಬೇರೆಯಾಗಿ ಮಾತಾಡೋಣ. ಆ ಬೇರೆ ಮಾತು ಮತ್ತೆ ವಿಡಿಯೋ ಕಾಲಿನಲ್ಲೇ ನಡೆಯಬಹುದು! 'ಪಿಂಗ್ ಮಿ' ಅಂದರೆ ಒಂದು ಸಣ್ಣ ಮೆಸೇಜ್ ಹಾಕಿ. ಇದರ ತಿರುವುಮುರುವೂ ನಡೆದಿದೆ. ಕುದುರೆಗಾಡಿಯಲ್ಲಿ ಕೂತವರ ಮೇಲೆ ಕೆಸರು ಸಿಡಿಯದಂತೆ ಮುಂದೆ ಹಾಕುತ್ತಿದ್ದ ಹಲಗೆ 'ಡ್ಯಾಶ್‌ಬೋರ್ಡ್'. ಹಡಗಿನ ವೇಗ ಅಳೆಯಲು ಹಗ್ಗ ಕಟ್ಟಿ ನೀರಿಗೆ ಎಸೆಯುತ್ತಿದ್ದ ಮರದ ತುಂಡು 'ಲಾಗ್'. ಆ ಲೆಕ್ಕ ಬರೆದಿಡುವ ಪುಸ್ತಕ ಲಾಗ್‌ಬುಕ್. ನಾವು ದಿನಾ 'ಲಾಗ್ ನೋಡಿ' ಅನ್ನುವುದು ಅಲ್ಲಿಂದ ಬಂದದ್ದು. ತೂತು ಹೊಡೆದ ಪೇಪರ್ ಟೇಪಿನಲ್ಲಿ ಪ್ರೋಗ್ರಾಂ ಇದ್ದ ಕಾಲದಲ್ಲಿ ತಪ್ಪಾದ ಜಾಗಕ್ಕೆ ನಿಜವಾಗಿಯೂ ಕಾಗದದ ತೇಪೆ ಹಚ್ಚುತ್ತಿದ್ದರು, ಅದೇ 'ಪ್ಯಾಚ್'. ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಇಂಗ್ಲಿಷಿನ ತಾಂತ್ರಿಕ ಪದಗಳಲ್ಲಿ ಎಷ್ಟೋ ಒಂದು ಕಾಲಕ್ಕೆ ಮನೆಮಾತಿನ ಪದಗಳು. ನಮಗೆ ಅವು ತಾಂತ್ರಿಕವಾಗಿ ಮಾತ್ರ ಪರಿಚಯ. ಇಲ್ಲಿನವರಿಗೆ ಎರಡೂ ಅರ್ಥ ಒಟ್ಟಿಗೆ ಕೇಳಿಸುತ್ತವೆ. ಅವರು ಅದರ ಮೇಲೆ ತಮಾಷೆ ಮಾಡುವುದೂ ಅದಕ್ಕೇ.

ಇನ್ನು ನಾವು ಊರಿಂದ ತಂದ ಇಂಗ್ಲಿಷ್. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಅದು ಕೋಟ್ಯಂತರ ಜನ ಆಡುವ ಮಾತು. 'ಪ್ರಿಪೋನ್' ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ. ಆದರೆ ಇಲ್ಲಿ ಹೇಳಿದರೆ ಎದುರಿನವರು ಒಂದು ಕ್ಷಣ ತಡವರಿಸುತ್ತಾರೆ. ಅವರ ಮಾತು 'ಬ್ರಿಂಗ್ ಫಾರ್ವರ್ಡ್'. ಮುಂದಕ್ಕೆ ಹಾಕುವುದಕ್ಕೆ 'ಪುಷ್ ಬ್ಯಾಕ್'. ಗಮನಿಸಿ, ನಮಗೆ 'ಮುಂದಕ್ಕೆ' ಅಂದರೆ ತಡ. ಅವರ 'ಫಾರ್ವರ್ಡ್' ಅಂದರೆ ಬೇಗ. ಇಲ್ಲಿ ತಾರೀಖು ತಪ್ಪುವುದು ಬಹಳ ಸುಲಭ. ಹೊಸ ದಿನ ಯಾವುದು ಅಂತ ವಾರದ ಹೆಸರು ಹೇಳಿಯೇ ಖಚಿತ ಮಾಡಿಕೊಳ್ಳಿ.

ಇವುಗಳಲ್ಲಿ ನಿಜವಾಗಿ ತೊಂದರೆ ಕೊಡುವುದು 'ಡೌಟ್'. ನಾವು 'ಐ ಹ್ಯಾವ್ ಎ ಡೌಟ್' ಅಂದರೆ ಒಂದು ಪ್ರಶ್ನೆ ಇದೆ ಅಂತ. ಇಲ್ಲಿನ ಕಿವಿಗೆ ಅದು 'ನೀವು ಹೇಳಿದ್ದರಲ್ಲಿ ನನಗೆ ನಂಬಿಕೆ ಇಲ್ಲ' ಅಂತ ಕೇಳುತ್ತೆ. ಪಾಪ, ನೀವು ವಿನಯದಿಂದ ಕೈ ಎತ್ತಿರುತ್ತೀರಿ. ಅವರು 'ಇವರಿಗೆ ನನ್ನ ಡಿಸೈನ್ ಹಿಡಿಸಲಿಲ್ಲ' ಅಂದುಕೊಳ್ಳುತ್ತಾರೆ. 'ಐ ಹ್ಯಾವ್ ಎ ಕ್ವೆಶ್ಚನ್' ಅನ್ನಿ, ಸಾಕು. 'ರಿವರ್ಟ್' ಕೂಡ ಹಾಗೇ. 'ಐ ವಿಲ್ ರಿವರ್ಟ್' ಅಂತ ಡೆವಲಪರ್‌ಗೆ ಬರೆದರೆ ಕೋಡನ್ನು ಹಿಂದಿನ ಸ್ಥಿತಿಗೆ ತರುತ್ತಾರೆ ಅಂತಲೇ ಓದಿಕೊಳ್ಳುತ್ತಾರೆ. 'ಐ ವಿಲ್ ಗೆಟ್ ಬ್ಯಾಕ್ ಟು ಯು' ಅನ್ನಿ. 'ಪಾಸ್ಡ್ ಔಟ್ ಇನ್ 2019' ಅಂದರೆ 2019ರಲ್ಲಿ ಪ್ರಜ್ಞೆ ತಪ್ಪಿ ಬಿದ್ದೆ ಅಂತ ಆಗುತ್ತೆ, 'ಗ್ರಾಜುಯೇಟೆಡ್' ಅನ್ನಿ. 'ಫ್ರೆಷರ್' ಅಂದರೆ ಇಲ್ಲಿ ಯೂನಿವರ್ಸಿಟಿಗೆ ಆಗಷ್ಟೇ ಸೇರಿದ ವಿದ್ಯಾರ್ಥಿ. 'ಹೈಕ್' ಬದಲು 'ಪೇ ರೈಸ್'. ಲಕ್ಷ, ಕೋಟಿ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಎಲ್ಲ ಸಾವಿರ, ಮಿಲಿಯನ್.

ಈಗ ನಿಮಗೆ ಮೀಟಿಂಗಿನಲ್ಲಿ ತಪ್ಪಿಹೋಗುತ್ತಿರುವುದರ ಇನ್ನೊಂದು ದೊಡ್ಡ ಭಾಗ. ಬ್ರಿಟಿಷರು ವಿಷಯವನ್ನು ತಗ್ಗಿಸಿ ಹೇಳುತ್ತಾರೆ. 'ನಾಟ್ ಬ್ಯಾಡ್' ಅಂದರೆ ಚೆನ್ನಾಗಿದೆ. 'ಕ್ವೈಟ್ ಗುಡ್' ಅಂದರೆ ಪರವಾಗಿಲ್ಲ ಅನ್ನುವಷ್ಟೇ. ಅಮೆರಿಕದವರು ಅದನ್ನೇ ಬಹಳ ಚೆನ್ನಾಗಿದೆ ಅನ್ನುವ ಅರ್ಥದಲ್ಲಿ ಹೇಳುತ್ತಾರೆ. 'ಐ ವುಡ್ ಪರ್ಹ್ಯಾಪ್ಸ್ ಹ್ಯಾವ್ ಅನದರ್ ಲುಕ್ ಅಟ್ ದ ಎರರ್ ಹ್ಯಾಂಡ್ಲಿಂಗ್' ಅಂತ ಕೋಡ್ ರಿವ್ಯೂನಲ್ಲಿ ಬಂದರೆ ಅದು ಸಲಹೆ ಅಲ್ಲ, ಅದನ್ನು ಸರಿಮಾಡಿ ಅಂತ. 'ವೆನ್ ಯು ಗೆಟ್ ಎ ಚಾನ್ಸ್' ಅಂದರೆ ಪುರುಸೊತ್ತಾದಾಗ ಅಂತ ಅಲ್ಲ, ಆದಷ್ಟು ಬೇಗ ಅಂತಲೇ ತಿಳಿಯಿರಿ. 'ಐ ಆಮ್ ಎ ಬಿಟ್ ಕನ್ಸರ್ನ್ಡ್' ಅಂದಾಗ ಕಿವಿ ನೆಟ್ಟಗೆ ಮಾಡಿ. ಆ 'ಎ ಬಿಟ್' ಹಿಂದೆ ದೊಡ್ಡ ಸಮಸ್ಯೆ ಇರಬಹುದು.

ಇದು ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಕೊರಿಯಾ ಯುದ್ಧದ ಒಂದು ಘಟನೆ ಹೇಳುತ್ತಾರೆ. 1951ರ ಏಪ್ರಿಲ್, ಇಮ್ಜಿನ್ ನದಿಯ ಹತ್ತಿರ ಬ್ರಿಟಿಷ್ ಬ್ರಿಗೇಡಿನ ಗ್ಲಾಸ್ಟರ್ಸ್ ತುಕಡಿಯನ್ನು ಚೀನಾ ಸೈನ್ಯ ಸುತ್ತುವರಿದಿತ್ತು. ಬ್ರಿಗೇಡಿಯರ್ ಟಾಮ್ ಬ್ರೋಡಿ ತಮ್ಮ ಮೇಲಿನ ಅಮೆರಿಕನ್ ಜನರಲ್‌ಗೆ ಪರಿಸ್ಥಿತಿ 'ಎ ಬಿಟ್ ಸ್ಟಿಕಿ' ಅಂದರಂತೆ. ಇನ್ನೊಬ್ಬ ಬ್ರಿಟಿಷ್ ಅಧಿಕಾರಿಗಾದರೆ ಅದು ಪ್ರಾಣಾಪಾಯ ಅಂತ ತಕ್ಷಣ ಹೊಳೆಯುತ್ತಿತ್ತು. ಅಮೆರಿಕನ್ನರು ಸ್ವಲ್ಪ ಕಷ್ಟ ಇದೆ, ನಿಭಾಯಿಸುತ್ತಾರೆ ಅಂದುಕೊಂಡರು. ಆ ತುಕಡಿಯಲ್ಲಿ ಹೆಚ್ಚಿನವರು ಸತ್ತರು ಇಲ್ಲವೇ ಸೆರೆಯಾದರು. ಇಂಗ್ಲಿಷೇ ತಾಯಿನುಡಿಯಾದ ಎರಡು ಕಡೆಯವರ ನಡುವೆ ಹೀಗಾಗಿದೆ. ಹಾಗಿರುವಾಗ ಎರಡು ತಿಂಗಳ ಹಿಂದೆ ಬಂದ ನಿಮಗೆ ಇದು ತಿಳಿಯುವುದಿಲ್ಲ ಅಂತ ನಿಮ್ಮನ್ನು ನೀವು ಬೈದುಕೊಳ್ಳುವುದು ಬೇಡ.

ನಾವೂ ಅವರಂತೆ ಮಾತಾಡಬೇಕಾ ಅಂತ ನೀವು ಕೇಳಬಹುದು. ಅರ್ಥ ಮಾಡಿಕೊಳ್ಳಲು ಬರಬೇಕು, ಅದು ಕಡ್ಡಾಯ. ಆಡುವುದು ನಿಧಾನವಾಗಿ ಬರಲಿ. ಒಂದು ವಿಷಯದಲ್ಲಿ ಮಾತ್ರ ಬೇಗ ಬದಲಾಗಿ. ಕೇಳಿಕೊಳ್ಳುವಾಗ 'ಪ್ಲೀಸ್ ಸೆಂಡ್ ದ ಫೈಲ್' ಅನ್ನುವುದಕ್ಕಿಂತ 'ಕುಡ್ ಯು ಸೆಂಡ್ ಮಿ ದ ಫೈಲ್?' ಅನ್ನಿ. 'ಪ್ಲೀಸ್' ಹಾಕಿದ್ದೇವಲ್ಲ ಅಂತ ನಮಗೆ ಅನ್ನಿಸುತ್ತೆ. ಇಲ್ಲಿನವರಿಗೆ ಅದು ಅಪ್ಪಣೆ ಥರ ಕೇಳುತ್ತೆ. 'ಕೈಂಡ್ಲಿ ಡೂ ದ ನೀಡ್‌ಫುಲ್' ಅಂತೂ ಇನ್ನೂ ಬಿಗಿ.

ಬೆಳಿಗ್ಗೆ 'ಯು ಆಲ್ ರೈಟ್?' ಅಂತ ಕೇಳಿದರೆ ನಿಮ್ಮ ಮುಖ ಬಾಡಿದೆ ಅಂತ ಅಲ್ಲ, ಅದು ನಮಸ್ಕಾರ ಅಷ್ಟೇ. 'ಯಾ, ಯು?' ಅಂದರೆ ಮುಗಿಯಿತು. 'ಚಿಯರ್ಸ್' ಅಂದರೆ ಥ್ಯಾಂಕ್ಸ್. 'ಹಾಫ್ ಸಿಕ್ಸ್' ಅಂದರೆ ಆರೂವರೆ, ಐದೂವರೆ ಅಲ್ಲ. ಊರಿಂದೂರಿಗೆ ಇನ್ನೂ ಬೇರೆ ಇವೆ. ಡಾರ್ಬಿ, ನಾಟಿಂಗ್‌ಹ್ಯಾಮ್ ಕಡೆ ಅಂಗಡಿಯವರು ನಿಮ್ಮನ್ನು 'ಡಕ್' ಅಂದರೆ, ನ್ಯೂಕಾಸಲ್ ಕಡೆ 'ಪೆಟ್' ಅಂದರೆ ಪ್ರೀತಿಯಿಂದ ಕರೆಯುತ್ತಿದ್ದಾರೆ ಅಂತ.

ಒಂದು ಕಡೆ ಮಾತ್ರ ನಾವು ಬೇರೆ ದೇಶದಿಂದ ಬಂದ ಎಷ್ಟೋ ಜನರಿಗಿಂತ ಮುಂದೆ. ಕ್ರಿಕೆಟ್! 'ಬೈ ಕ್ಲೋಸ್ ಆಫ್ ಪ್ಲೇ' ಅಂದರೆ ಇವತ್ತು ಕೆಲಸ ಮುಗಿಯುವ ಹೊತ್ತಿಗೆ. 'ಶೀ ಡಿಡ್ ಇಟ್ ಆಫ್ ಹರ್ ಓನ್ ಬ್ಯಾಟ್' ಅಂದರೆ ಯಾರೂ ಹೇಳದೆ ತಾನಾಗಿಯೇ ಮಾಡಿದಳು. 'ಆನ್ ದ ಬ್ಯಾಕ್ ಫುಟ್' ಅಂದರೆ ರಕ್ಷಣೆಗೆ ಇಳಿದ ಸ್ಥಿತಿ. 'ಸ್ಟಿಕಿ ವಿಕೆಟ್' ಪಿಚ್‌ಗೆ ಹೊದಿಕೆ ಹಾಕದ ಕಾಲದ್ದು. ಮಳೆ ನಿಂತು ಬಿಸಿಲಿಗೆ ಪಿಚ್ ಒಣಗುವಾಗ ಚೆಂಡು ಹೇಗೆ ಏಳುತ್ತೆ ಅಂತ ಯಾರಿಗೂ ಹೇಳಲಾಗುತ್ತಿರಲಿಲ್ಲ. ಬ್ರೋಡಿ ಹೇಳಿದ 'ಸ್ಟಿಕಿ' ಕೂಡ ಅಂಥದ್ದೇ ಇಕ್ಕಟ್ಟಿನ ಮಾತು. ರೇಡಿಯೊ ಕಾಮೆಂಟರಿ ಕೇಳಿ ಬೆಳೆದವರಿಗೆ ಇವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಧೈರ್ಯವಾಗಿ ಬಳಸಿ.

ಅಮೆರಿಕದ ಟೀಮ್ ಜೊತೆ ಕಾಲ್ ಇದ್ದರೆ ಮಾತ್ರ ಇವು ನಡೆಯುವುದಿಲ್ಲ. ಅವರದ್ದು ಬೇಸ್‌ಬಾಲ್. 'ಟಚ್ ಬೇಸ್' ಅಂದರೆ ಒಮ್ಮೆ ಮಾತಾಡಿಕೊಳ್ಳೋಣ, 'ಬಾಲ್‌ಪಾರ್ಕ್ ಫಿಗರ್' ಅಂದರೆ ಅಂದಾಜು ಲೆಕ್ಕ, 'ಕರ್ವ್‌ಬಾಲ್' ಅಂದರೆ ನಿರೀಕ್ಷೆ ಮಾಡದ ತೊಡಕು. 'ಟೇಬಲ್' ಅನ್ನುವ ಕ್ರಿಯಾಪದ ಬಂದರೆ ನಿಲ್ಲಿಸಿ ಕೇಳಿ. ಬ್ರಿಟನ್ನಿನಲ್ಲಿ ಒಂದು ವಿಷಯ 'ಟೇಬಲ್' ಮಾಡುವುದು ಅಂದರೆ ಚರ್ಚೆಗೆ ತರುವುದು. ಅಮೆರಿಕದಲ್ಲಿ ಅಂದರೆ ಸದ್ಯಕ್ಕೆ ಪಕ್ಕಕ್ಕೆ ಇಡುವುದು. ಎರಡನೇ ಮಹಾಯುದ್ಧದ ಒಂದು ಸಭೆಯಲ್ಲಿ ಈ ಒಂದು ಪದಕ್ಕೆ ಎರಡೂ ಕಡೆಯವರು ಉದ್ದಕ್ಕೂ ವಾದ ಮಾಡಿದ್ದನ್ನು, ಇಬ್ಬರಿಗೂ ಬೇಕಾಗಿದ್ದು ಒಂದೇ ಅಂತ ಆಮೇಲೆ ಗೊತ್ತಾಗಿದ್ದನ್ನು ಚರ್ಚಿಲ್ ಬರೆದಿದ್ದಾರೆ.

ಕಾಂಟ್ರಾಕ್ಟ್ ಮತ್ತು ಪೇಸ್ಲಿಪ್ ವಿಷಯಕ್ಕೆ ಬರೋಣ. ಇಲ್ಲಿ ಪದ ತಪ್ಪಾಗಿ ತಿಳಿದರೆ ದುಡ್ಡು ಹೋಗುತ್ತೆ, ಹಾಗಾಗಿ ನಿಧಾನವಾಗಿ ಓದಿ. ರಜೆಯ ಸಾಲು ನೋಡಿ. ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 28 ದಿನ ಸಂಬಳ ಸಹಿತ ರಜೆ. ಬ್ಯಾಂಕ್ ಹಾಲಿಡೇಗಳನ್ನು (ಸಾರ್ವಜನಿಕ ರಜೆಗಳನ್ನು) ಅದರಲ್ಲೇ ಸೇರಿಸಲು ಕಂಪನಿಗೆ ಅವಕಾಶ ಇದೆ. ಇಂಗ್ಲೆಂಡಿನಲ್ಲಿ ಅವು ಸಾಮಾನ್ಯವಾಗಿ 8. '28 ಡೇಸ್ ಇನ್‌ಕ್ಲೂಸಿವ್ ಆಫ್ ಬ್ಯಾಂಕ್ ಹಾಲಿಡೇಸ್' ಅಂತಿದ್ದರೆ ನಿಮ್ಮ ಇಷ್ಟದಂತೆ ತೆಗೆದುಕೊಳ್ಳಲು ಉಳಿಯುವುದು 20. '25 ಡೇಸ್ ಪ್ಲಸ್ ಬ್ಯಾಂಕ್ ಹಾಲಿಡೇಸ್' ಅಂತಿದ್ದರೆ ಒಟ್ಟು 33. ಸಂಖ್ಯೆ ಚಿಕ್ಕದು ಕಂಡರೂ ರಜೆ ಜಾಸ್ತಿ. ವ್ಯತ್ಯಾಸ ಇರುವುದು 'ಇನ್‌ಕ್ಲೂಸಿವ್' ಮತ್ತು 'ಪ್ಲಸ್'ನಲ್ಲಿ.

ಹುಷಾರಿಲ್ಲದೆ 7 ದಿನದವರೆಗೆ ಮನೆಯಲ್ಲಿದ್ದರೆ ಡಾಕ್ಟರ್ ಚೀಟಿ ಬೇಡ, ನೀವೇ ಬರೆದುಕೊಟ್ಟರೆ ಸಾಕು. ಅದಕ್ಕೆ 'ಸೆಲ್ಫ್ ಸರ್ಟಿಫೈ' ಅನ್ನುತ್ತಾರೆ. ಈ ಲೆಕ್ಕದಲ್ಲಿ ಶನಿವಾರ ಭಾನುವಾರವೂ ಸೇರುತ್ತೆ. ಅದು ದಾಟಿದರೆ 'ಫಿಟ್ ನೋಟ್' ಬೇಕು. 2010ರ ತನಕ ಅದರ ಹೆಸರು 'ಸಿಕ್ ನೋಟ್', ಹಳಬರು ಈಗಲೂ ಹಾಗೇ ಅನ್ನುತ್ತಾರೆ.

ಪೇಸ್ಲಿಪ್‌ನಲ್ಲಿ ಟ್ಯಾಕ್ಸ್ ಕೋಡ್ ನೋಡಿ. ಇಂಗ್ಲೆಂಡಿನಲ್ಲಿ ಒಂದೇ ಕೆಲಸ ಇರುವ ಹೆಚ್ಚಿನವರಿಗೆ 1257ಎಲ್ ಅಂತ ಇರುತ್ತೆ. ತೆರಿಗೆ ಇಲ್ಲದ ಮೊತ್ತ 12,570 ಪೌಂಡ್ ಅನ್ನುವುದರ ಗುರುತು ಅದು. ಕೆಲಸ ಬಿಟ್ಟಾಗ ಸಿಗುವ ಕಾಗದ ಪಿ45, ತೆರಿಗೆ ವರ್ಷ ಮುಗಿದ ಮೇಲೆ ಸಿಗುವುದು ಪಿ60. ವರ್ಷದ ಲೆಕ್ಕ ಏಪ್ರಿಲ್ 6ರಿಂದ ಶುರು. 'ಶೀ ಗಾಟ್ ಹರ್ ಪಿ45' ಅಂತ ಮಾತಿನಲ್ಲಿ ಬಂದರೆ ಕೆಲಸ ಹೋಯಿತು ಅಂತ ಅರ್ಥ. ಇಲ್ಲಿ ಮೊದಲ ಕೆಲಸ ಆದ್ದರಿಂದ ನಿಮ್ಮ ಹತ್ತಿರ ಪಿ45 ಇರುವುದಿಲ್ಲ. ಬದಲಿಗೆ 'ಸ್ಟಾರ್ಟರ್ ಚೆಕ್‌ಲಿಸ್ಟ್' ಅನ್ನುವ ಫಾರಂ ತುಂಬಿಕೊಡಬೇಕು. ಕೊಟ್ಟಿದ್ದೀರಾ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ತೆರಿಗೆ ಜಾಸ್ತಿ ಹಿಡಿಯಬಹುದು. ಪೆನ್ಷನ್ ಸಾಲಿನಲ್ಲಿ 'ಆಟೋ ಎನ್‌ರೋಲ್‌ಮೆಂಟ್' (ನಿಮ್ಮನ್ನು ತಾನಾಗಿಯೇ ಪೆನ್ಷನ್ ಯೋಜನೆಗೆ ಸೇರಿಸುವುದು) ಕಂಡು ಗಾಬರಿಯಾಗಬೇಡಿ. ನೀವು ಹಾಕುವುದರ ಜೊತೆ ಕಂಪನಿಯೂ ಹಾಕುತ್ತೆ, ನಿಯಮದ ಪ್ರಕಾರ ಕನಿಷ್ಠ ಶೇಕಡಾ 3. ಬೇಡ ಅಂದರೆ 'ಆಪ್ಟ್ ಔಟ್' ಮಾಡಬಹುದು. ಮಾಡಿದರೆ ಕಂಪನಿಯ ಪಾಲೂ ನಿಲ್ಲುತ್ತೆ.

ಇನ್ನು ಮೆತ್ತಗೆ ಕೇಳಿಸುವ ಆದರೆ ಭಾರವಾದ ಪದಗಳು. 'ಯುವರ್ ರೋಲ್ ಈಸ್ ಅಟ್ ರಿಸ್ಕ್' ಅಂತ ಪತ್ರ ಬಂದರೆ ಅದು ಸುಮ್ನೆ ಎಚ್ಚರಿಕೆ ಅಲ್ಲ. ಕೆಲಸ ತೆಗೆಯುವ ಪ್ರಕ್ರಿಯೆ ಶುರುವಾಗಿದೆ ಅಂತ. ಆಮೇಲೆ ನಡೆಯುವ ಮಾತುಕತೆಗೆ 'ಕನ್ಸಲ್ಟೇಷನ್' ಅಂತ ಹೆಸರು. 'ರಿಡಂಡೆಂಟ್' ಆಗುವುದು ಅಂದರೆ ಆ ಹುದ್ದೆಯೇ ಇಲ್ಲವಾಗುವುದು, ನಿಮ್ಮ ತಪ್ಪಿಗೆ ತೆಗೆದರೆ ಅದು 'ಸ್ಯಾಕ್ಡ್'. ಇವೆರಡನ್ನು ಎಂದೂ ಬೆರೆಸಬೇಡಿ. ಎರಡು ವರ್ಷ ಕೆಲಸ ಮಾಡಿದವರಿಗೆ ರಿಡಂಡೆನ್ಸಿಯಲ್ಲಿ ಕಾನೂನಿನ ಪ್ರಕಾರ ಪರಿಹಾರ ಇದೆ. 'ಡಿಸಿಪ್ಲಿನರಿ ಹಿಯರಿಂಗ್' ಅಂತ ಕರೆದರೆ ಒಬ್ಬ ಸಹೋದ್ಯೋಗಿಯನ್ನೋ ಯೂನಿಯನ್ ಪ್ರತಿನಿಧಿಯನ್ನೋ ಜೊತೆಗೆ ಕರೆದುಕೊಂಡು ಹೋಗುವ ಹಕ್ಕು ನಿಮಗಿದೆ. ಯಾವುದಾದರೂ ಪದ ಗೊತ್ತಾಗದಿದ್ದರೆ ಸಹಿ ಹಾಕುವ ಮೊದಲು ಏಕಾಸ್‌ಗೆ ಫೋನ್ ಮಾಡಿ. ಕೆಲಸಗಾರರಿಗೂ ಕಂಪನಿಗಳಿಗೂ ಉಚಿತವಾಗಿ ಸಲಹೆ ಕೊಡುವ ಸಂಸ್ಥೆ ಅದು.

ಕಲಿಯುವುದು ಹೇಗೆ ಅಂತ ಕೇಳಿದಿರಲ್ಲ. ಕೇಳಿಸಿದ ಮಾತನ್ನು ಇಡಿಯಾಗಿ ಬರೆದಿಟ್ಟುಕೊಳ್ಳಿ, ಪದ ಮಾತ್ರ ಅಲ್ಲ. ಯಾರು, ಯಾವಾಗ, ಯಾಕೆ ಹೇಳಿದರು ಅಂತಲೂ ಒಂದು ಸಾಲು ಇರಲಿ. ಆ ವಾರದಲ್ಲೇ ಅದನ್ನು ಒಂದು ಸಲ ನಿಮ್ಮ ಬಾಯಲ್ಲಿ ಹೇಳಿ. ಬರೆದದ್ದು ಮರೆತುಹೋಗಬಹುದು, ಒಮ್ಮೆ ಆಡಿದ್ದು ಸುಲಭಕ್ಕೆ ಮರೆಯುವುದಿಲ್ಲ. ಅರ್ಥವಾಗದಿದ್ದರೆ ತಲೆಯಾಡಿಸಿ ಸುಮ್ಮನಿರಬೇಡಿ. ಇದನ್ನು ನಾನು ಬಹಳ ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮ ತಲೆಯಾಡಿಸುವಿಕೆಯನ್ನು ಅವರು ಒಪ್ಪಿಗೆ ಅಂತ ತಿಳಿದು ಕೆಲಸ ಮುಂದುವರಿಸುತ್ತಾರೆ. 'ಸಾರಿ, ಐ ಡಿಡಂಟ್ ಕ್ಯಾಚ್ ದ್ಯಾಟ್' ಅನ್ನಿ. ಇಲ್ಲವೇ 'ಜಸ್ಟ್ ಸೋ ಐ ಹ್ಯಾವ್ ಗಾಟ್ ದಿಸ್ ರೈಟ್' ಅಂತ ಶುರು ಮಾಡಿ ನಿಮಗೆ ತಿಳಿದದ್ದನ್ನು ನಿಮ್ಮ ಮಾತಲ್ಲಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಇದನ್ನು ದಡ್ಡತನ ಅಂತ ಯಾರೂ ನೋಡುವುದಿಲ್ಲ, ಗಮನ ಕೊಟ್ಟು ಕೇಳುವವರು ಅಂತಲೇ ನೋಡುತ್ತಾರೆ. 'ಫಾಬ್ ಆಫ್ ಅಂದರೆ ಏನು?' ಅಂತ ನೇರವಾಗಿ ಕೇಳಿದರೂ ಖುಷಿಯಿಂದ ಹೇಳಿಕೊಡುತ್ತಾರೆ. ತಮ್ಮ ಭಾಷೆಯ ಬಗ್ಗೆ ಕೇಳಿದರೆ ಯಾರಿಗೆ ಸಂತೋಷ ಆಗಲ್ಲ?

ಕಿವಿಗೂ ಅಭ್ಯಾಸ ಬೇಕು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಜಾಗ ಇದೆ, ಎಲ್ಲವನ್ನೂ ಸಮವಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಒಂದೆರಡು ಪದಕ್ಕೆ ಒತ್ತು ಕೊಟ್ಟು ಉಳಿದದ್ದನ್ನು ನುಂಗುತ್ತಾರೆ. ನುಂಗುವುದು ಯಾವುದನ್ನು? ಇದೇ ಚಿಕ್ಕ ಪದಗಳನ್ನು. 'ಕುಡ್ ಹ್ಯಾವ್' ಹೋಗಿ 'ಕುಡವ್' ಆಗುತ್ತೆ. ಇದಕ್ಕೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ 'ದ ಇಂಗ್ಲಿಷ್ ವಿ ಸ್ಪೀಕ್', '6 ಮಿನಿಟ್ ಇಂಗ್ಲಿಷ್' ಚೆನ್ನಾಗಿವೆ, ಉಚಿತ, ಜೊತೆಗೆ ಮಾತಿನ ಪೂರ್ತಿ ಬರಹವೂ ಸಿಗುತ್ತೆ. ಮೊದಲು ಬರಹ ನೋಡದೆ ಕೇಳಿ, ಆಮೇಲೆ ನೋಡುತ್ತಾ ಕೇಳಿ. ಬಿಬಿಸಿ ಐಪ್ಲೇಯರ್ ನೋಡಲು ಟಿವಿ ಲೈಸೆನ್ಸ್ ಬೇಕು, ಇಲ್ಲದೆ ನೋಡಬೇಡಿ. ರೇಡಿಯೊಗೆ ಲೈಸೆನ್ಸ್ ಬೇಡ, ಬಸ್ಸಿನಲ್ಲಿ ರೈಲಿನಲ್ಲಿ ಅದನ್ನೇ ಹಚ್ಚಿಕೊಳ್ಳಿ.

ನಿಮ್ಮ ಹೆಂಡತಿಗೆ 'ಇಸಾಲ್' ಅನ್ನುವ ತರಗತಿ ಹುಡುಕಿ. ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವುದಕ್ಕಾಗಿಯೇ ಇರುವುದು. ನಿಮ್ಮ ಹತ್ತಿರದ ಫರ್ದರ್ ಎಜುಕೇಷನ್ ಕಾಲೇಜಿನಲ್ಲಿ (ಶಾಲೆ ಮುಗಿಸಿದವರು, ದೊಡ್ಡವರು ಓದುವ ಕಾಲೇಜು) ಇರುವ ಸಾಧ್ಯತೆ ಜಾಸ್ತಿ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ಎಂಟ್ರಿ 1ರಿಂದ ಲೆವೆಲ್ 2ರವರೆಗೆ ಯಾವುದಕ್ಕೆ ಹಾಕಬೇಕು ಅಂತ ನೋಡುತ್ತಾರೆ. ಡಿಪೆಂಡೆಂಟ್ ವೀಸಾದಲ್ಲಿ ಬಂದವರಿಗೆ ಶುಲ್ಕ ಇರಬಹುದು, ಸೇರುವ ಮೊದಲೇ ಕೇಳಿಕೊಳ್ಳಿ. ದುಡ್ಡು ಜಾಸ್ತಿ ಅನ್ನಿಸಿದರೆ ಲೈಬ್ರರಿಗೆ ಹೋಗಿ ವಿಚಾರಿಸಿ. ಸುಮ್ಮನೆ ಕೂತು ಇಂಗ್ಲಿಷಿನಲ್ಲಿ ಮಾತಾಡುವ ಗುಂಪುಗಳು ಹಲವು ಲೈಬ್ರರಿಗಳಲ್ಲಿ ವಾರಕ್ಕೊಮ್ಮೆ ಸೇರುತ್ತವೆ, ಅಲ್ಲಿಗೆ ಹೋಗಲು ಪರೀಕ್ಷೆಯೂ ಇಲ್ಲ. ಆಮೇಲೆ ಸ್ವಲ್ಪ ಧೈರ್ಯ ಬಂದಾಗ ಹತ್ತಿರದ ಚಾರಿಟಿ ಅಂಗಡಿಯಲ್ಲಿ (ದಾನವಾಗಿ ಬಂದ ಹಳೆ ಸಾಮಾನು ಮಾರುವ ಅಂಗಡಿ) ವಾರಕ್ಕೊಂದು ಮಧ್ಯಾಹ್ನ ಸ್ವಯಂಸೇವಕಿಯಾಗಿ ನಿಲ್ಲಲಿ. ಬಟ್ಟೆ ಮಡಚುತ್ತಾ, ಬಂದವರ ಜೊತೆ ನಾಲ್ಕು ಮಾತಾಡುತ್ತಾ ಆಫ್, ಅಪ್, ಔಟ್ ಎಲ್ಲ ನಿಮಗಿಂತ ಬೇಗ ಅವರಿಗೇ ಬರಬಹುದು.